ಹುಲಿಗೆಮ್ಮನ ಹಿಂದಿನ ದೀಪ

ಎಂಬತ್ತೇಳರ ದೀಪಾವಳಿ ಮುಗಿದ ಮೇಲೆ ಹುಲಿಗೆಪ್ಪನಿಗೆ ಎರಡು ಗುಟ್ಟುಗಳನ್ನು ಒಟ್ಟಿಗೇ ಕಾಯುವ ಪಾಳಿ ಬಂತು. ಒಂದು ಹೆಂಡತಿ ಫಕೀರವ್ವನ ಹೊಟ್ಟೆಯದು, ಇನ್ನೊಂದು ಅವನು ನಡೆಸುವ ವ್ಯಾನಿನದು. ಹೊಟ್ಟೆಯ ಗುಟ್ಟನ್ನು ಮೂರು ತಿಂಗಳು ತುಂಬುವ ತನಕ ಯಾರ ಮುಂದೆಯೂ ಆಡಬಾರದು, ದೃಷ್ಟಿ ತಾಗುತ್ತದೆ ಎಂದು ಹಿರಿಯರು ಹೇಳಿಟ್ಟಿದ್ದಾರೆ. ವ್ಯಾನಿನ ಗುಟ್ಟನ್ನು ಮುಚ್ಚಿಡು ಎಂದು ಮಾತ್ರ ಯಾವ ಹಿರಿಯರೂ ಹೇಳಿರಲಿಲ್ಲ. ಅದು ಅವನ ಸ್ವಂತ ಬುದ್ಧಿ.

ಶಲವಡಿಯಲ್ಲಿ ಊರವರು ಸೇರಿ ನಡೆಸುತ್ತಿದ್ದ ಒಂದು ಸಣ್ಣ ಕಣ್ಣಿನ ದವಾಖಾನೆ. ಹುಲಿಗೆಪ್ಪ ಅಲ್ಲಿ ಡ್ರೈವರ್, ಫಕೀರವ್ವ ಆಯಾ. ಪ್ರತಿ ಮಂಗಳವಾರ ಕಣ್ಣಿಗೆ ಪೊರೆ ಬಂದ ಆರೇಳು ಮುದುಕ ಮುದುಕಿಯರನ್ನು ವ್ಯಾನಿನಲ್ಲಿ ಕೂರಿಸಿಕೊಂಡು, ಅಣ್ಣಿಗೇರಿ ಹಾಯ್ದು, ಹುಬ್ಬಳ್ಳಿಗೆ ಆಪರೇಷನ್ನಿಗೆ ಒಯ್ಯುವುದು ಇಬ್ಬರ ಕೆಲಸ. ಅವನು ಮುಂದೆ ಸ್ಟೀರಿಂಗ್ ಹಿಡಿದಿರುತ್ತಿದ್ದ, ಆಕೆ ಹಿಂದೆ ಮುದುಕಿಯರ ನಡುವೆ ಕೂತು ಅವರ ಸೊಸೆಯಂದಿರ ಸುದ್ದಿ ಕೇಳುತ್ತಿದ್ದಳು. ವ್ಯಾನು ಪರದೇಶದ್ದು. ಯಾವುದೋ ಸಂಘದವರು ತಮ್ಮಲ್ಲಿ ನಾಲ್ಕು ವರ್ಷ ಓಡಿಸಿ, ಹಡಗಿಗೆ ಹಾಕಿ, ದಾನವೆಂದು ಕಳಿಸಿದ ಪೆಟ್ರೋಲ್ ಗಾಡಿ. ಬಂದು ಹತ್ತು ತಿಂಗಳಾಗಿತ್ತು. ಹುಲಿಗೆಪ್ಪ ಅದನ್ನು ದಿನಾ ಒರೆಸುತ್ತಿದ್ದ ರೀತಿಗೆ ಊರ ಹುಡುಗರು ಅವನನ್ನು ‘ವ್ಯಾನಿನ ಗಂಡ’ ಎಂದು ಕರೆಯುತ್ತಿದ್ದರು.

ಒಂದು ಬೆಳಿಗ್ಗೆ ಕಿಲೋಮೀಟರಿನ ಮುಳ್ಳಿನ ಬಾಜು ಹಳದಿ ದೀಪವೊಂದು ಹತ್ತಿಕೊಂಡಿತು. ಆರಿಸಲು ಬಟನ್ ಹುಡುಕಿದ, ಸಿಗಲಿಲ್ಲ. ದೀಪದೊಳಗೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ದವಾಖಾನೆಯ ಕಾರಕೂನ ಶಂಕ್ರಪ್ಪನವರನ್ನು ಕರೆದು ತೋರಿಸಿದ.

“ಸೆನ್ಸರ್ ಅಂತ ಬರದೈತಿ ನೋಡಪಾ.”

“ಸೆನ್ಸಾರ? ಸಿನಿಮಾಕ್ಕ ಇರತೈತಲ್ರಿ, ಅದ?”

ಶಂಕ್ರಪ್ಪನವರು ಗೊತ್ತಿಲ್ಲ ಎನ್ನುವ ಜಾತಿಯವರಲ್ಲ. “ಅದ ಇರಬೇಕು. ಅವರ ದೇಶದಾಗ ಹೊಗಿಗೂ ಕಾಯ್ದೆ ಅದಾವಂತ. ಸಿನಿಮಾ ನೋಡಿ ಸರ್ಟಿಫಿಕೇಟ್ ಕೊಟ್ಟಂಗ, ಹೊಗಿ ನೋಡಿ ಗಾಡಿಗೆ ಕೊಡತಿರಬೇಕು,” ಎಂದು ಹೇಳಿ ಚಹಾ ಕುಡಿಯಲು ಹೋದರು.

ಹುಲಿಗೆಪ್ಪ ಅಂಗೈಯಿಂದ ದೀಪ ಮುಚ್ಚಿ ಸುತ್ತ ನೋಡಿದ. ಹರೆಯದಲ್ಲಿ ಅವನು ಟೂರಿಂಗ್ ಟಾಕೀಜಿನ ಜೀಪು ನಡೆಸಿ ರೀಲಿನ ಪೆಟ್ಟಿಗೆ ಸಾಗಿಸಿದವನು. ನವಲಗುಂದದಲ್ಲಿ ಒಮ್ಮೆ ಸೆನ್ಸಾರ್ ಕಾಗದ ಇಲ್ಲವೆಂದು ಪೊಲೀಸರು ಆಟ ನಿಲ್ಲಿಸಿ, ಪೆಟ್ಟಿಗೆ ಎತ್ತಿಕೊಂಡು ಹೋಗಿದ್ದನ್ನು ಕಣ್ಣಾರೆ ಕಂಡಿದ್ದ. ಸೆನ್ಸಾರ್ ಎಂದರೆ ಸರಕಾರದ ಕತ್ತರಿ ಎಂಬುದು ಅವನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಈ ದೀಪ ಯಾರಾದರೂ ತಿಳಿದವರ ಕಣ್ಣಿಗೆ ಬಿದ್ದರೆ ಗಾಡಿ ಹೋಯಿತು, ಗಾಡಿಯ ಹಿಂದೆ ಕೆಲಸವೂ ಹೋಯಿತು ಎಂದುಕೊಂಡ. ಅದೇ ಸಂಜೆ ಹುಲಿಗೆಮ್ಮನ ಚಿತ್ರದ ಸ್ಟಿಕರ್ ಒಂದನ್ನು ತಂದು ದೀಪದ ಮೇಲೆ ಅಂಟಿಸಿದ. ಆಕೆ ಅವನ ಮನೆದೇವರು, ಅವನ ಹೆಸರೂ ಆಕೆಯದೇ. ಹಳದಿ ಬೆಳಕು ಅಮ್ಮನ ಸೀರೆಯ ಹಿಂದಿನಿಂದ ಮಂದವಾಗಿ ಹೊಮ್ಮುತ್ತಿತ್ತು. ನೋಡಿದವರೆಲ್ಲ, ಚಲೋ ಮಾಡಿಸೀಯಪಾ, ಲೈಟಿನ ದೇವರು ಎಂದರು.

ಅದಾಗಿ ಎರಡನೆಯ ಮಂಗಳವಾರ ಹುಬ್ಬಳ್ಳಿ ಮುಟ್ಟಿದಾಗ ಫಕೀರವ್ವ ವ್ಯಾನಿನಿಂದ ಇಳಿದವಳೇ ಗಟಾರದ ದಂಡೆಗೆ ಓಡಿ ವಾಂತಿ ಮಾಡಿದಳು. ತಲೆ ಸಿಡಿಯುತ್ತದೆ ಎಂದಳು. ಮುಂದಿನ ಮಂಗಳವಾರ ಮತ್ತೆ. ಹುಲಿಗೆಪ್ಪ ಬೈಯುವವನಿದ್ದ, ಆಕೆ ಅವನ ಮುಖ ನೋಡದೆ ಎರಡು ಬೆರಳು ಮಡಚಿ ತೋರಿಸಿದಳು. ಎರಡು ತಿಂಗಳಿನಿಂದ ಮುಟ್ಟು ನಿಂತಿತ್ತು.

ಮದುವೆಯಾಗಿ ಹತ್ತೊಂಬತ್ತು ವರ್ಷ. ಆಕೆಗೆ ನಲವತ್ತು ತುಂಬಲು ಒಂದು ಕಡಿಮೆ. ಹರಕೆ, ಔಷಧ, ಮಂದಿಯ ಮಾತು ಎಲ್ಲವೂ ಮುಗಿದು, ಇಬ್ಬರೂ ಆ ವಿಷಯವನ್ನೇ ಬಿಟ್ಟು ಎಷ್ಟೋ ಕಾಲವಾಗಿತ್ತು. ಹುಲಿಗೆಪ್ಪ ಗಟಾರದ ಪಕ್ಕ ನಿಂತು ಜೇಬಿನಿಂದ ಡಬ್ಬಿ ತೆಗೆದು ಎರಡೂ ಹೊರಳೆಗೆ ತಪಕೀರು ಏರಿಸಿದ. ನಶ್ಯವೆಂದು ಬೇರೆ ಕಡೆ ಕರೆಯುವ ಈ ಪುಡಿ ಅವನ ಇಪ್ಪತ್ತು ವರ್ಷದ ಚಟ. ಕಣ್ಣಲ್ಲಿ ನೀರು ಬಂತು. ತಪಕೀರಿನಿಂದ ಬಂತು ಎಂದು ಹೇಳಬಹುದಿತ್ತು, ಆದರೆ ಆಕೆ ಕೇಳಲಿಲ್ಲ.

“ಮಂಗಳವಾರ ಅಮ್ಮನ ವಾರರಿ,” ಎಂದಳು ಫಕೀರವ್ವ. “ಮಂಗಳವಾರನ ಕಾಡತೈತಿ ನೋಡ್ರಿ ಇದು.”

ಅವನಿಗೆ ಅಷ್ಟು ಸಾಕಾಯಿತು. ಮುಂದೆ ಗಾಡಿಯಲ್ಲಿ ಅಮ್ಮ ಬೆಳಗುತ್ತಾಳೆ, ಹಿಂದೆ ಅಮ್ಮನ ವಾರದಂದೇ ಕೂಸು ಸುಳಿವು ಕೊಡುತ್ತದೆ. ಇದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೆ ಬೇಕು?

ಸುಖ ಬಂದ ಮೇಲೆಯೇ ಅವನಿಗೆ ನಿಜವಾದ ಹೆದರಿಕೆ ಶುರುವಾದದ್ದು. ರಸ್ತೆಯ ಪ್ರತಿ ತಗ್ಗೂ ತನ್ನ ಕೂಸನ್ನು ಕುಲುಕಲೆಂದೇ ತೋಡಿದ್ದು ಎನಿಸತೊಡಗಿತು. ಎತ್ತಿನ ಗಾಡಿಯವರೂ ಹಿಂದೆ ಹಾಕಿ ಹೋಗುವಷ್ಟು ನಿಧಾನ ನಡೆಸಿದ. ಆಕೆ ಕೂತು ಬರುವುದು ಬೇಡವೆಂದು ಹಿಂದಿನ ನೆಲಕ್ಕೆ ನಾಲ್ಕು ತೂತು ಕೊರೆದು ಒಂದು ಹಲಗೆಯ ಮಂಚ ಕೂರಿಸಿದ. ಬೋಲ್ಟು ಮೂರೇ ಸಿಕ್ಕವು. ನಾಲ್ಕನೆಯ ತೂತು, ಮುಂದಿನ ವಾರ ನೋಡೂಣು ಎಂದು ಹಾಗೇ ಉಳಿಯಿತು. ಕೌದಿ ಹಾಸಿ ಆಕೆಯನ್ನು ಅದರ ಮೇಲೆ ಮಲಗಿಸಿದ. ಚಳಿಗಾಳಿ ಬಡಿಯಬಾರದೆಂದು ಹಿಂದಿನ ಕಿಟಕಿಗಳನ್ನೆಲ್ಲ ಏರಿಸಿ ಬಿಗಿ ಮಾಡಿದ. ಮುದುಕಿಯರು, ಗಾಡಿ ನಾರತೈತಪಾ, ಒಂದಿಷ್ಟು ಗಾಳಿ ಬಿಡು ಎಂದರು. “ಪರದೇಶಿ ಗಾಡಿ ವಾಸನಿ ಅದು, ರೂಢಿ ಆಗತೈತಿ ಸುಮ್ನ ಕುಂದರ್ರಿ,” ಎಂದು ಗದರಿಸಿದ. ಅವನ ಬದಿಯ ಕಿಟಕಿ ಮಾತ್ರ ಸದಾ ತೆರೆದೇ ಇರುತ್ತಿತ್ತು. ತಪಕೀರು ಏರಿಸಿದವನಿಗೆ ಸೀನಲು ಜಾಗ ಬೇಕಲ್ಲ.

ವಾಂತಿ ಹೆಚ್ಚಿತು, ತಲೆನೋವು ಹೆಚ್ಚಿತು. ಹುಲಿಗೆಪ್ಪನ ಸಂತೋಷವೂ ಹೆಚ್ಚಿತು, ಹೆದರಿಕೆಯೂ ಹೆಚ್ಚಿತು. ಹುಬ್ಬಳ್ಳಿಯಲ್ಲಿ ಇಳಿದಾಗ ಆಕೆಯ ಮುಖ ಕೆಂಪೇರಿರುತ್ತಿತ್ತು. ಬಸುರಿಯ ಕಳೆ ಎಂದುಕೊಂಡ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರಂತೆ ಎಂಬ ಮಾತಿಗೆ ಅಂಜಿ ಏನನ್ನೂ ಕೊಳ್ಳಲಿಲ್ಲ. ಆಕೆಗೆ ಹುಣಸೆಹಣ್ಣು ಮಾತ್ರ ತಂದು ಕೊಡುತ್ತಿದ್ದ. ಆಕೆ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ದಾರಿಯುದ್ದಕ್ಕೂ ಚೀಪುತ್ತಿದ್ದಳು.

ದೀಪದ ಚಿಂತೆ ಪೂರ್ತಿ ಹೋಗಿರಲಿಲ್ಲ. ಅಣ್ಣಿಗೇರಿಯ ಬಸ್‌ಸ್ಟ್ಯಾಂಡಿನಲ್ಲಿ ಮಲಿಕಸಾಬ ಸಿಕ್ಕಾಗ, ತನ್ನದಲ್ಲ, ಬೇರೆ ಯಾರದೋ ಗಾಡಿ ಎಂಬಂತೆ ಕೇಳಿದ. ಮಲಿಕಸಾಬ ಆರು ವರ್ಷ ದುಬೈಯ ಗ್ಯಾರೇಜಿನಲ್ಲಿ ದುಡಿದು ಬಂದ ಮೇಸ್ತ್ರಿ. ಅಣ್ಣಿಗೇರಿಯಿಂದ ಗದಗದ ತನಕ ಅವನ ಕೈ ಬೀಳದ ಇಂಜಿನ್ ಇಲ್ಲ.

“ಸೆನ್ಸಾರ್ ಅಲ್ಲಲೇ ಹುಚ್ಚಾ, ಸೆನ್ಸರ್! ಅಂದ್ರ ಮೂಗು. ಹೊಗಿ ಹೋಗೂ ಪೈಪಿನಾಗ ಒಂದು ಮೂಗು ಕುಂದ್ರಿಸಿರತಾರ. ಹೊಗಿಯಾಗ ಗಾಳಿ ಎಷ್ಟು ಉಳದೈತಿ ಅಂತ ಮೂಸಿ ನೋಡತೈತಿ. ಗಾಳಿ ಹೆಚ್ಚಿದ್ರ ಪೆಟ್ರೋಲ್ ಸಾಲವಲ್ದು, ಇನ್ನಷ್ಟು ಹಾಕು ಅಂತೈತಿ. ಗಾಳಿ ಕಡಿಮಿ ಇದ್ರ ಸಾಕು ಅಂತೈತಿ. ಅದು ಕೆಟ್ಟಾಗ ದೀಪ ಹತ್ತತೈತಿ.”

“ಯಾಕ ಕೆಡತೈತಿ ಮಲಿಕಣ್ಣಾ?”

“ನಮ್ಮ ಪೆಟ್ರೋಲದಾಗ ಸೀಸ ಕೂಡಿಸಿರತಾರ. ಅದು ಹೋಗಿ ಮೂಗಿನ ಮ್ಯಾಲ ಕುಂದರತೈತಿ. ನೀ ತಪಕೀರ ಏರಸ್ತೀಯಲ್ಲ, ಹಂಗ. ವರ್ಷದಾಗ ಮೂಗು ಸಾಯತೈತಿ. ದುಬೈದಾಗ ಇಂಥಾವು ಎಷ್ಟು ನೋಡೀನಿ. ಗಾಡಿ ಏನ ನಿಲ್ಲಂಗಿಲ್ಲ. ಆದ್ರೂ ಒಮ್ಮೆ ತಗೊಂಡ ಬಾ, ನೋಡೂಣು.”

ಗಾಡಿ ನಿಲ್ಲುವುದಿಲ್ಲ ಎಂಬುದಷ್ಟೇ ಹುಲಿಗೆಪ್ಪನ ಕಿವಿಗೆ ಬಿತ್ತು. ‘ತಗೊಂಡ ಬಾ’ ಎಂದದ್ದು ಬೀಳಲಿಲ್ಲ. ನಮಗೆ ಬೇಕಾದದ್ದನ್ನಷ್ಟೇ ಕೇಳುವ ಕಿವಿ ದೇವರು ಎಲ್ಲರಿಗೂ ಕೊಟ್ಟಿದ್ದಾನೆ.

ಡಿಸೆಂಬರಿನ ಎರಡನೆಯ ಮಂಗಳವಾರ. ಮೂರು ತಿಂಗಳು ತುಂಬಲು ಇನ್ನು ಹನ್ನೆರಡು ದಿನ. ಹಿಂದೆ ಆರು ಜನ ರೋಗಿಗಳು, ಮಂಚದ ಮೇಲೆ ಫಕೀರವ್ವ. ಅಣ್ಣಿಗೇರಿ ದಾಟುವ ತನಕ ದುಂಡವ್ವ ಎಂಬ ಮುದುಕಿ ತನ್ನ ಸೊಸೆ ರೊಟ್ಟಿ ಸುಡುವ ಕಥೆ ಹೇಳುತ್ತಿದ್ದಳು. ನಲವಡಿ ಹತ್ತಿರ ಬಂದಾಗ ಹುಲಿಗೆಪ್ಪನಿಗೆ ಏನೋ ಕಡಿಮೆಯಾದಂತೆ ಅನ್ನಿಸಿತು. ಮಾತು ನಿಂತಿತ್ತು. ದುಂಡವ್ವನ ಮಾತು ನಿಲ್ಲುವುದೆಂದರೆ ಸಣ್ಣ ಸಂಗತಿಯಲ್ಲ.

“ಫಕೀರವ್ವಾ,” ಎಂದು ಕೂಗಿದ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದ.

ಗಾಡಿ ನಿಲ್ಲಿಸಿ ಓಡಿ ಹೋಗಿ ಹಿಂದಿನ ಬಾಗಿಲು ತೆರೆದ. ಮುದುಕರು ಒಬ್ಬರ ಹೆಗಲ ಮೇಲೊಬ್ಬರು ವಾಲಿದ್ದರು. ದುಂಡವ್ವ ಸೀಟಿನಿಂದ ಜಾರಿ ಕೆಳಗೆ ಬಿದ್ದಿದ್ದಳು. ಫಕೀರವ್ವನ ಕಣ್ಣು ಅರ್ಧ ತೆರೆದಿತ್ತು, ಅವನನ್ನು ನೋಡುತ್ತಿರಲಿಲ್ಲ. ಮೊದಲು ಹೆಂಡತಿಯನ್ನು ಎತ್ತಿಕೊಂಡ. ಇದು ತಪ್ಪು, ಮೊದಲು ರೋಗಿಗಳು ಎಂದು ಅವನಿಗೂ ಗೊತ್ತಿತ್ತು, ಆದರೂ ಆಕೆಯನ್ನೇ ಎತ್ತಿಕೊಂಡ. ಹತ್ತಿ ಹೊಲದ ಬದುವಿನ ಮೇಲೆ ಮಲಗಿಸಿದ. ಆಮೇಲೆ ಒಬ್ಬೊಬ್ಬರನ್ನೇ ಹೊತ್ತು ತಂದ. ಎರೆಮಣ್ಣಿನ ಬಯಲ ಮೇಲಿಂದ ಚಳಿಗಾಳಿ ಬೀಸುತ್ತಿತ್ತು. ಆ ಗಾಳಿಯಿಂದ ಕೂಸಿಗೆ ಏನಾದೀತೋ ಎಂದು ತನ್ನ ಅಂಗಿ ಬಿಚ್ಚಿ ಆಕೆಯ ಹೊಟ್ಟೆಯ ಮೇಲೆ ಹೊದಿಸಿದ. “ಯವ್ವಾ ಹುಲಿಗೆಮ್ಮಾ, ನನ್ನ ತಗೋ, ಇದನ್ನ ಬಿಡು,” ಎಂದು ಬಾಯಿ ಬಿಟ್ಟು ಅತ್ತ.

ಕಾಲು ತಾಸಿನಲ್ಲಿ ಮುದುಕರು ಒಬ್ಬೊಬ್ಬರಾಗಿ ಎಚ್ಚೆತ್ತು ನೀರು ಕೇಳಿದರು. ಫಕೀರವ್ವ ಎದ್ದು ವಾಂತಿ ಮಾಡಿ, “ಎಲ್ಲಿದೀವ್ರಿ?” ಎಂದಳು. ಎಲ್ಲರಿಗಿಂತ ಕಡೆಗೆ ದುಂಡವ್ವನೂ ಕಣ್ಣು ಬಿಟ್ಟಳು. ಆಪರೇಷನ್ನಿಗೆಂದು ಬೆಳಗಿನಿಂದ ಉಪವಾಸ ಇಟ್ಟದ್ದಕ್ಕೆ ಹೀಗಾಯಿತು ಎಂದು ಅವರವರೇ ತೀರ್ಮಾನಿಸಿಕೊಂಡರು. ಹುಬ್ಬಳ್ಳಿಯಲ್ಲಿ ಕೂಡ ಅದನ್ನೇ ಹೇಳಿದರು.

ಬರುವಾಗ ವಾಂತಿಯ ನಾತಕ್ಕೆ ಎಲ್ಲ ಕಿಟಕಿ ತೆರೆದಿಟ್ಟರು. ದಾರಿಯುದ್ದಕ್ಕೂ ಫಕೀರವ್ವ ಆರಾಮಾಗಿದ್ದಳು. ಹುಲಿಗೆಪ್ಪನಿಗೆ ಅದು ಸಮಾಧಾನ ತರಬೇಕಿತ್ತು, ತರಲಿಲ್ಲ. ಹೋಗುವಾಗ ಬಂದ ಸಂಕಟ ಬರುವಾಗ ಯಾಕೆ ಬರಲಿಲ್ಲ ಎಂಬ ಪ್ರಶ್ನೆ ಹಲ್ಲಿನ ಸಂದಿಯ ಸೊಪ್ಪಿನಂತೆ ಸಿಕ್ಕಿಕೊಂಡಿತು.

ಮರುದಿನ ಬೆಳಿಗ್ಗೆ ವ್ಯಾನು ಅಣ್ಣಿಗೇರಿಯ ಗ್ಯಾರೇಜಿನೊಳಗೆ ಬಂದು ನಿಲ್ಲುತ್ತಲೇ ಮಲಿಕಸಾಬ ಹೆಗಲ ಮೇಲಿನ ಟವೆಲ್ ಮೂಗಿಗೆ ಹಿಡಿದ.

“ಏ ಬಂದ್ ಮಾಡಲೇ! ಹಿಂಗ ನಾರೂ ಗಾಡಿಯಾಗ ಹೆಂಗ ಕುಂದರತೀ? ಕತ್ತಿಗೇನ ಗೊತ್ತು ಕಸ್ತೂರಿ ವಾಸನಿ ಅಂತಾರ, ನಿನಗ ಹೊಗಿ ವಾಸನಿನೂ ಗೊತ್ತಾಗವಲ್ದಲ್ಲೋ.”

ಇಂಜಿನ್ ತಣ್ಣಗಾಗುವ ತನಕ ಕಾದು, ಮತ್ತೆ ಶುರು ಮಾಡಿಸಿ, ಹೊಗೆ ಬರುವ ಕೊಳವೆಯ ಬಾಯಿಗೆ ಹಸಿ ಬಟ್ಟೆ ಒತ್ತಿ ಹಿಡಿಯಲು ಹುಲಿಗೆಪ್ಪನಿಗೆ ಹೇಳಿದ. ತಾನು ಗಾಡಿಯ ಕೆಳಗೆ ತೂರಿಕೊಂಡ. ಮುಂದಿನ ಬೆಸುಗೆಯ ಹತ್ತಿರ ಬುಸ್ ಬುಸ್ ಎಂದು ಹೊಗೆ ಉಸಿರಾಡುತ್ತಿತ್ತು. ಕೈ ಒಡ್ಡಿ ನೋಡಿದ. ಬೆರಳು ಹೋಗುವಷ್ಟು ಬಿರುಕು. ಆಮೇಲೆ ಸ್ಪ್ಯಾನರ್ ಹಾಕಿ, ಕೊಳವೆಯಿಂದ ಹೆಬ್ಬೆರಳಿನಷ್ಟಿರುವ ಒಂದು ತುಂಡನ್ನು ಬಿಚ್ಚಿ ತಂದು ಬಿಸಿಲಿಗೆ ಹಿಡಿದ.

“ಇದ ನೋಡು ಮೂಗು. ಸೀಸ ಕುಂತಿದ್ರ ಬೂದಿ ಬಣ್ಣ ಇರತಿತ್ತು. ಇದು ಬರೇ ಕರೇ ಮಸಿ. ಇದು ಸತ್ತಿಲ್ಲಲೇ. ಬಿರುಕಿನಿಂದ ಹೊರಗಿನ ಗಾಳಿ ಒಳಗ ಹೊಕ್ಕೈತಿ. ಗಾಳಿ ಭಾಳ ಐತಿ ಅಂತ ಇದು ಮೂಸಿ, ಪೆಟ್ರೋಲ್ ಹಾಕು, ಹಾಕು ಅಂದೈತಿ. ನೆಟ್ಟಗ ಸುಡದ ಪೆಟ್ರೋಲು ವಿಷದ ಹೊಗಿ ಆಗಿ ಅದ ಬಿರುಕಿನಿಂದ ಹೊರಗ ಬಂದೈತಿ. ಒಂದೂವರಿ ತಿಂಗಳಿಂದ ದೀಪ ಹಚ್ಚಿ ಕೂಗಾಕತ್ತೈತಿ.” ಅದನ್ನು ಹುಲಿಗೆಪ್ಪನ ಅಂಗೈಗೆ ಹಾಕಿ, “ಸತ್ತಿರೂದು ಇದರ ಮೂಗಲ್ಲ, ನಿಂದು. ನಂದೂ ತಪ್ಪೈತಿ ಅನ್ನು. ಗಾಡಿ ನೋಡದನ ಬಾಯಿಗೆ ಬಂದಂಗ ಹೇಳಿದೆ,” ಎಂದ.

ಹಿಂದಿನ ಬಾಗಿಲು ತೆರೆದು ನೆಲ ನೋಡಿದ. ಮಂಚದ ಕಾಲಿನ ಬಳಿಯ ನಾಲ್ಕನೆಯ ತೂತಿನ ಸುತ್ತ ಕಪ್ಪು ಮಸಿ ಉಂಗುರದಂತೆ ಕೂತಿತ್ತು.

“ಇಲ್ಲಿ ಯಾರ ಮಲಗತಾರ?”

“ನನ್ನ ಹೇಂತಿ.”

“ಆಕಿಗೆ ತಲಿ ನೋಯತೈತೇನ? ವಾಂತಿ?”

ಹುಲಿಗೆಪ್ಪನ ಮುಖದ ಮೇಲೆ ನಾಚಿಕೆಯ ಸಣ್ಣ ನಗೆಯೊಂದು ಮೂಡಿತು. ಮೂರು ತಿಂಗಳು ತುಂಬಿಲ್ಲ, ಹೇಳಬಾರದು, ಆದರೂ ಮಲಿಕಣ್ಣ ಹೊರಗಿನವನಲ್ಲ. “ಆಗತೈತಿ ಮಲಿಕಣ್ಣಾ. ಅದು ಬ್ಯಾರೆ...” ಎಂದು ಶುರು ಮಾಡಿದ.

ಮಲಿಕಸಾಬ ನಗಲಿಲ್ಲ. “ಮನ್ಯಾಗ ಇದ್ದಾಗ ಆಗತೈತೋ, ಗಾಡಿಯಾಗಷ್ಟೋ?”

ಹುಲಿಗೆಪ್ಪ ಬುಧವಾರ, ಗುರುವಾರ, ಶುಕ್ರವಾರ ಎಂದು ಮನಸ್ಸಿನಲ್ಲೇ ವಾರದುದ್ದಕ್ಕೂ ನಡೆದುಹೋದ. ಮಂಗಳವಾರ ಬಿಟ್ಟು ಬೇರೆ ಯಾವ ದಿನವೂ ಆಕೆ ಮನೆಯ ಹಿತ್ತಲಿಗೆ ಓಡಿದ್ದು ನೆನಪಾಗಲಿಲ್ಲ. ಅಲ್ಲೇ ಇದ್ದ ಟೈರಿನ ಮೇಲೆ ಕೂತ. ಮಲಿಕಸಾಬನಿಗೆ ಏನು ಅರ್ಥವಾಯಿತೋ, ಅವನ ಹೆಗಲು ಮುಟ್ಟಿ ಕೆಲಸಕ್ಕೆ ಹೋದ.

ಸಂಜೆಯ ಹೊತ್ತಿಗೆ ಬಿರುಕಿಗೆ ಬೆಸುಗೆ ಬಿತ್ತು, ತೂತಿಗೆ ಬೋಲ್ಟು ಬಿತ್ತು, ಮೂಗು ಮಸಿ ಕಳೆದುಕೊಂಡು ತನ್ನ ಜಾಗಕ್ಕೆ ಸೇರಿತು. ಮಲಿಕಸಾಬ ಹೇಳಿದ: “ತಿಂಗಳಿಗೊಮ್ಮೆ ಇಂಜಿನ್ ತಣ್ಣಗಿದ್ದಾಗ ಹಸಿ ಬಟ್ಟಿ ಹಿಡದು ಕೇಳು, ಬುಸ್ ಅಂದ್ರ ಓಡಿ ಬಾ. ಈ ವಿಷಕ್ಕ ತನ್ನದಂತ ವಾಸನಿ ಇರಂಗಿಲ್ಲ, ಜೋಡಿ ಬರೂ ಹೊಗಿಗಷ್ಟ ಇರತೈತಿ. ನಿನ್ನ ಮೂಗಂತೂ ನಂಬಬ್ಯಾಡ. ದೀಪ ಹತ್ತಿದ್ರ ಅದರ ಮಾತ ಕೇಳು. ದೇವರ ಹಿಂದ ಮುಚ್ಚಿಡಬ್ಯಾಡ.” ಸ್ಟಿಕರ್ ಕೀಳಲು ಕೈ ಹಾಕಿದ. ಹುಲಿಗೆಪ್ಪ ತಡೆದ. ಅಮ್ಮನ ಸೀರೆಯ ಹಿಂದೆ ಬೆಳಕಿರಲಿಲ್ಲ, ಆದರೂ ದೀಪ ಆರಿದ್ದನ್ನು ಕಣ್ಣಾರೆ ನೋಡುವ ಧೈರ್ಯ ಅವನಲ್ಲಿರಲಿಲ್ಲ.

ದವಾಖಾನೆಯ ನರ್ಸ್ ಗೌರಕ್ಕನನ್ನು ಒಬ್ಬರನ್ನೇ ಕಂಡು, ಯಾರದೋ ಮಾತೆಂಬಂತೆ ಕೇಳಿದ. ಯಾರದೆಂದು ಅವರಿಗೆ ತಿಳಿಯದೇ ಇರಲಿಲ್ಲ. “ನಲವತ್ತರ ಹತ್ತಿರ ಮುಟ್ಟು ಹಿಂದ ಮುಂದ ಆಗತೈತಿ ಹುಲಿಗೆಪ್ಪಾ, ಮೂರು ತಿಂಗಳ ತನಕಾನೂ ನಿಲ್ಲತೈತಿ. ಅಷ್ಟರಿಂದ ಏನೂ ಹೇಳಾಕ ಬರಂಗಿಲ್ಲ. ಕರಕೊಂಡ ಬಾ, ನೋಡತೀನಿ,” ಎಂದರು. ಮನೆಗೆ ಬಂದ. ಫಕೀರವ್ವ ರೊಟ್ಟಿ ಬಡಿಯುತ್ತ ಏನೋ ಹಾಡುತ್ತಿದ್ದಳು. ಹೇಳಲಾಗಲಿಲ್ಲ. ಮರುದಿನವೂ ಆಗಲಿಲ್ಲ. ಹಾಗೆ ಸೋಮವಾರ ದಾಟಿತು.

ಮಂಗಳವಾರ ಆಕೆ ಎಂದಿನಂತೆ ಸೆರಗಿಗೆ ಹುಣಸೆಹಣ್ಣು ಕಟ್ಟಿಕೊಂಡು ಹಿಂದೆ ಹತ್ತಿದಳು. ಅಂದು ರೋಗಿಗಳಿರಲಿಲ್ಲ, ಹುಬ್ಬಳ್ಳಿಯಿಂದ ಆಪರೇಷನ್ ಆದವರನ್ನು ಕರೆತರುವುದಿತ್ತು. ಹುಲಿಗೆಪ್ಪ ಕಿಟಕಿಗಳನ್ನೆಲ್ಲ ತಾನೇ ಏರಿಸಿದ. ಯಾಕೆ ಏರಿಸಿದ ಎಂದು ಕೇಳಿದರೆ ಅವನು ಚಳಿ ಎನ್ನುತ್ತಿದ್ದ. ಖರೆ ಸಂಗತಿ ಬೇರೆ. ಗಾಡಿ ನೆಟ್ಟಗಾಗಿದೆ, ಕಿಟಕಿ ಮುಚ್ಚಿದೆ, ಇಷ್ಟಾದ ಮೇಲೂ ಆಕೆ ಒಮ್ಮೆ ವಾಂತಿ ಮಾಡಿದರೆ ಅದು ಹೊಗೆಯದಲ್ಲ, ಕೂಸಿನದು. ಮೂರು ದಿನದಿಂದ ಅವನು ತಪಕೀರು ಮುಟ್ಟಿರಲಿಲ್ಲ. ಕನ್ನಡಿಯಲ್ಲಿ ಆಕೆಯ ಮುಖವನ್ನೇ ನೋಡುತ್ತ ನಡೆಸಿದ. ಹೆಂಡತಿಗೆ ಸಂಕಟವಾಗಲಿ ಎಂದು ದೇವರನ್ನು ಬೇಡಿಕೊಂಡ ಗಂಡ ಆ ರಸ್ತೆಯಲ್ಲಿ ಅವನೊಬ್ಬನೇ ಇದ್ದಿರಬೇಕು. ಒಮ್ಮೆ, ಒಂದೇ ಒಂದು ಸಲ, ಯವ್ವಾ.

ಅಣ್ಣಿಗೇರಿಯ ರೈಲ್ವೆ ಗೇಟು ಹಾಕಿತ್ತು. ಇಂಜಿನ್ ಆರಿಸದೆ ಗಾಡಿ ನಿಲ್ಲಿಸಿದ.

“ಇವತ್ತ ತಲಿ ಹಗುರ ಐತಿ ನೋಡ್ರಿ,” ಎಂದಳು ಫಕೀರವ್ವ ಹಿಂದಿನಿಂದ. “ಕೂಸು ಶಾಣ್ಯಾ ಆಗೇತಿ. ಕಾಡಲೇ ಇಲ್ಲ.”

ಹುಲಿಗೆಪ್ಪ ಸ್ಟಿಕರಿನ ಅಂಚಿಗೆ ಉಗುರು ಹಾಕಿ ಎಳೆದ. ಅರ್ಧ ಅಮ್ಮ ಕೈಗೆ ಬಂದಳು, ಅರ್ಧ ಅಲ್ಲೇ ಉಳಿದಳು. ಹಿಂದೆ ದೀಪ ಆರಿತ್ತು.

“ಮಲಿಕಣ್ಣ ಪೈಪ್ ರಿಪೇರಿ ಮಾಡ್ಯಾನ,” ಎಂದ, ತಿರುಗಿ ನೋಡದೆ.

“ಪೈಪಿಗೂ ಕೂಸಿಗೂ ಏನ ಸಂಬಂಧರಿ?”

ಹೇಳಿದ. ಬಿರುಕು, ಹೊಗೆ, ತಾನೇ ಕೊರೆದ ತೂತು, ತಾನೇ ಮುಚ್ಚಿದ ಕಿಟಕಿ, ಗೌರಕ್ಕನ ಮಾತು, ಎಲ್ಲ ಹೇಳಿದ. ನಡುವೆ ಗದಗದ ಕಡೆಯ ಗೂಡ್ಸ್ ಗಾಡಿ ಬಂತು. ಅದರ ಸದ್ದಿನಲ್ಲಿ ಕಡೆಯ ಎರಡು ಮಾತನ್ನು ಕೂಗಿ ಹೇಳಬೇಕಾಯಿತು. ಅಂಥ ಮಾತನ್ನು ಕೂಗಿ ಹೇಳುವ ಹಣೆಬರಹ ಯಾರಿಗೂ ಬರಬಾರದು.

ರೈಲು ಹೋದ ಮೇಲೆ ಹಿಂದಿನ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಫಕೀರವ್ವ ಮುಂದೆ ಬಂದು ಅವನ ಪಕ್ಕದ ಸೀಟಿನಲ್ಲಿ ಕೂತಳು. ವ್ಯಾನು ಬಂದಾಗಿನಿಂದ ಆಕೆ ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು.

“ನನಗೂ ಒಮ್ಮೊಮ್ಮೆ ಅನಸ್ತಿತ್ತರಿ,” ಎಂದಳು. “ಮನ್ಯಾಗಿದ್ದಾಗ ಒಂದಿನನೂ ಕಾಡವಲ್ದು. ಮಂಗಳವಾರಷ್ಟ ನಾನು ಅದಕ್ಕ ನೆನಪಾಗತೀನೇನ ಅಂತ. ಅಮ್ಮನ ವಾರ ಅಂತ ಸುಮ್ಮನಾಗತಿದ್ದೆ. ನೀವು ಅಷ್ಟು ಖುಷಿಯಾಗಿದ್ರಿ.”

ಅವನು ಅಳುತ್ತಿದ್ದ. ಈ ಸಲ ತಪಕೀರಿನ ನೆಪವೂ ಇರಲಿಲ್ಲ. ಆಕೆ ಅವನ ಕಣ್ಣು ಒರೆಸಲು ಸೆರಗು ಎತ್ತಿದಳು, ತುದಿಯ ಗಂಟು ಕೈಗೆ ಸಿಕ್ಕಿತು. ಬಿಚ್ಚಿದಳು. ಚೀಪದ ಹುಣಸೆಹಣ್ಣಿನ ಉಂಡೆ ಇನ್ನೂ ದೊಡ್ಡದಿತ್ತು. ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದಳು.

“ಇರಲಿ ಬಿಡ್ರಿ,” ಎಂದಳು. “ಸಾರಿಗೆ ಹಾಕೂಣು.”

ಮತ್ತೆ ಅದನ್ನು ಸೆರಗಿಗೇ ಕಟ್ಟಿಕೊಂಡಳು. ಗೇಟು ತೆರೆಯಿತು, ಹಿಂದಿನ ಲಾರಿಯವನು ಹಾರ್ನ್ ಹೊಡೆದ, ಹುಲಿಗೆಪ್ಪ ಗಾಡಿ ಮುಂದೆ ಬಿಟ್ಟ.